ಎರಡನೆಯದನ್ನು ತಿರುಗಿಸಿ ಗುಣಿಸಿ

ಈ ಕತೆ ಹೇಳಲು ನನಗೆ ಅರ್ಹತೆ ಇಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಗಲು ದುಡಿದು ಸಂಜೆ ತರಗತಿಯಲ್ಲಿ ಕಲಿತವನು ನಾನು. ಭಿನ್ನರಾಶಿಯ ಪಾಠ ಬರುವ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಲೆಕ್ಕದ ಮೇಷ್ಟ್ರ ಕತೆಯನ್ನು ಲೆಕ್ಕ ಬರುವವರೇ ಹೇಳಬೇಕಿತ್ತು. ಅಂಥವರು ಯಾರೂ ಹೇಳಲಿಲ್ಲವಾದ್ದರಿಂದ ಅಂಜುತ್ತಲೇ ಹೇಳುತ್ತಿದ್ದೇನೆ. ಎಲ್ಲಾದರೂ ಕೂಡಿಸುವುದು ಕಳೆಯುವುದು ಹೆಚ್ಚುಕಮ್ಮಿಯಾಗಿದ್ದರೆ ತಪ್ಪು ನನ್ನದು, ಮೇಷ್ಟ್ರದ್ದಲ್ಲ.

ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಶಾಲೆಗೆಲ್ಲ ಅವರು ‘ತಿರುಗಿಸಿ ಮೇಷ್ಟ್ರು’. ಇಪ್ಪತ್ತನಾಲ್ಕು ವರ್ಷಗಳಿಂದ ಏಳನೇ ತರಗತಿಗೆ ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತ, “ಎರಡನೇದನ್ನ ತಿರುಗಿಸಿ, ಗುಣಿಸಿ” ಎಂದು ಅದೆಷ್ಟು ಸಲ ಅಂದಿದ್ದರೆಂದರೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ಅದನ್ನೇ ಗೊಣಗುತ್ತಾರೆಂದು ಅವರ ಹೆಂಡತಿಯೇ ನಾಲ್ಕು ಜನರೆದುರು ಹೇಳಿದ್ದುಂಟು. ಅವರ ಕೈಕೆಳಗೆ ಕಲಿತ ಒಂದು ಮಗುವೂ ಆ ಲೆಕ್ಕ ತಪ್ಪಿದ್ದಿಲ್ಲ. ಕೆಲವರು ಬೆಳೆದು ದೊಡ್ಡವರಾಗಿ ತಮ್ಮ ಫೋನ್ ನಂಬರ್ ಮರೆತರೂ ಅದನ್ನು ಮರೆತಿರಲಿಲ್ಲ. ಮೇಷ್ಟ್ರ ಬದುಕಿನಲ್ಲಿ ಎದೆ ಉಬ್ಬಿಸಿಕೊಳ್ಳುವಂಥದ್ದು ಇದೊಂದೇ.

ಅಂಥ ಎದೆಗೆ ಸೋಮವಾರ ಮೊದಲನೇ ಪಿರಿಯಡ್ಡಿನಲ್ಲಿ ಸೂಜಿ ಚುಚ್ಚಿತು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು, ತಿರುಗಿಸಿ, ಗುಣಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೈಯ ಪುಡಿ ಕೊಡವುತ್ತಿದ್ದರು. ಎರಡನೇ ಬೆಂಚಿನ ಕನ್ನಡಕದ ಹುಡುಗಿ ಎದ್ದು ನಿಂತಳು.

“ಸರ್, ಭಿನ್ನರಾಶಿಯಿಂದ ಭಾಗಿಸುವಾಗ ಎರಡನೆಯದನ್ನು ಏಕೆ ತಿರುಗಿಸಬೇಕು?”

ಅಚ್ಚು ಹಾಕಿದಷ್ಟು ಸ್ಪಷ್ಟವಾಗಿ ಕೇಳಿದಳು. ಮೇಷ್ಟ್ರು ನಕ್ಕರು. “ತಿರುಗಿಸದೆ ಇದ್ರೆ ಉತ್ತರ ತಪ್ಪಾಗುತ್ತೆ, ಅದಕ್ಕೆ.”

“ತಪ್ಪೆಂದು ಹೇಗೆ ತಿಳಿಯುತ್ತದೆ?”

“ತಿರುಗಿಸಿದಾಗ ಬರೋ ಉತ್ತರ ಬಂದಿರಲ್ವಲ್ಲ, ಹಾಗೆ.”

“ಹಾಗಾದರೆ ಮೊದಲನೆಯದನ್ನು ಏಕೆ ತಿರುಗಿಸಬಾರದು?”

ಮೇಷ್ಟ್ರು ಬಾಯಿ ತೆರೆದರು. ಇಪ್ಪತ್ತನಾಲ್ಕು ವರ್ಷ ಕರೆದಾಗೆಲ್ಲ ಓಡೋಡಿ ಬರುತ್ತಿದ್ದ ಮಾತು ಅವತ್ತು ಬಾಗಿಲ ತನಕ ಬಂದು ವಾಪಸು ಹೋಯಿತು. ಮೊದಲನೆಯದನ್ನು ಯಾಕೆ ತಿರುಗಿಸಬಾರದು? ಎರಡನ್ನೂ ತಿರುಗಿಸಿದರೆ ಏನಾಗುತ್ತದೆ? ಅಸಲಿಗೆ ತಿರುಗಿಸುವುದು ಎಂದು ಶುರು ಮಾಡಿದವರು ಯಾರು? ಬೋರ್ಡಿನತ್ತ ನೋಡಿದರು. ಅವರೇ ಬರೆದ ಲೆಕ್ಕ ಗುರುತಿಲ್ಲದವರ ಹಾಗೆ ಅವರನ್ನು ನೋಡುತ್ತಿತ್ತು.

“ಒಳ್ಳೇ ಪ್ರಶ್ನೆ,” ಎಂದಿತು ಬಾಗಿಲಿನಿಂದ ಒಂದು ದನಿ.

ಹೊಸದಾಗಿ ಬಂದ ಹೆಡ್‌ಮೇಡಂ. ಬಂದು ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಸುತ್ತೋಲೆ ಹೊರಡಿಸಿದ್ದರು: ‘ಇನ್ನು ಮುಂದೆ ಬಾಯಿಪಾಠ ಕೂಡದು. ಮಕ್ಕಳು ಅರ್ಥ ಮಾಡಿಕೊಂಡು ಕಲಿಯತಕ್ಕದ್ದು. ಅರ್ಥ ಮಾಡಿಸಲಾಗದ ಶಿಕ್ಷಕರನ್ನು ತರಗತಿಯಿಂದ ಬಿಡುಗಡೆ ಮಾಡಿ ಸ್ಟೋರ್ ರೂಮಿನ ಉಸ್ತುವಾರಿಗೆ ಹಾಕಲಾಗುವುದು.’ ಹೆದರಿಕೆಗೆ ಶಿಕ್ಷಕರೆಲ್ಲ ಆ ಸುತ್ತೋಲೆಯನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದರು.

“ಉತ್ತರ ಹೇಳಿ ಮೇಷ್ಟ್ರೇ, ನಾನೂ ಕೇಳ್ತೀನಿ,” ಎಂದರು ಹೆಡ್‌ಮೇಡಂ.

“ಅದು... ವಿವರವಾಗಿ ಹೇಳ್ಬೇಕು ಮೇಡಂ. ಗಡಿಬಿಡೀಲಿ ಹೇಳೋದಲ್ಲ.”

“ಸರಿ. ಕೊನೇ ಪಿರಿಯಡ್ಡೂ ನಿಮ್ಮದೇ ಅಲ್ವಾ? ನಾನು ಬಂದು ಹಿಂದುಗಡೆ ಕೂತಿರ್ತೀನಿ. ಆಗ ವಿವರವಾಗೇ ಹೇಳಿ.” ಹೋಗುತ್ತ ಒಂದು ಹೆಜ್ಜೆ ನಿಂತು, “ಸ್ಟೋರ್ ರೂಮಿನ ಬೀಗದ ಕೈ ನನ್ನ ಟೇಬಲ್ ಮೇಲೇ ಇದೆ. ತಗೊಳ್ಳೋರು ಇನ್ನೂ ಯಾರೂ ಸಿಕ್ಕಿಲ್ಲ,” ಎಂದರು.

ಸ್ಟೋರ್ ರೂಮು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಮೂರು ಕಾಲಿನ ಬೆಂಚುಗಳು, ಸಮುದ್ರವೆಲ್ಲ ಕಿತ್ತುಹೋದ ಒಂದು ಭೂಗೋಳ, ಮುರಿದ ಕೈವಾರಗಳ ಡಬ್ಬ. ಅಲ್ಲಿ ಯಾರೂ ಎದ್ದು ನಿಂತು “ಸರ್” ಅನ್ನುವುದಿಲ್ಲ. ನಿವೃತ್ತಿಗೆ ಇನ್ನೂ ಎಂಟು ವರ್ಷ. ಎಂಟು ವರ್ಷ ಮೂರು ಕಾಲಿನ ಬೆಂಚುಗಳಿಗೆ ಪಾಠ ಹೇಳುವುದನ್ನು ನೆನೆಸಿಕೊಂಡೇ ಅವರ ಕಾಲು ಎರಡಕ್ಕೆ ಬದಲು ಒಂದೂವರೆಯಾದ ಹಾಗಾಯಿತು.

ಬಿಡುವಿನ ವೇಳೆ ಸ್ಟಾಫ್ ರೂಮಿಗೆ ಹೋದವರೇ ಮೊದಲು ಗೈಡ್ ತೆರೆದರು. ‘ಎರಡನೆಯ ಭಿನ್ನರಾಶಿಯನ್ನು ತಿರುಗಿಸಬೇಕು. ಏಕೆಂದರೆ ಇದು ಭಿನ್ನರಾಶಿ ಭಾಗಾಕಾರದ ನಿಯಮವಾಗಿದೆ’ ಎಂದು ಅದರಲ್ಲಿತ್ತು. ಗೈಡ್ ಬರೆದವರು ಯಾರೆಂದು ನೋಡಿದರೆ, ಹಿಂದಿನ ಹೆಡ್‌ಮಾಸ್ತರು. ಅವರು ಮೇಷ್ಟ್ರ ನೋಟ್ಸನ್ನೇ ನಕಲು ಮಾಡಿಕೊಂಡಿದ್ದರು.

“ಮೇಡಂ, ನಿಮಗೊಂದು ಮಾತು ಕೇಳ್ಲಾ?” ಎಂದು ವಿಜ್ಞಾನದ ಮೇಡಂ ಹತ್ತಿರ ಹೋದರು.

ಆಕೆ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಪ್ರಶ್ನೆ ಕೇಳಿ, “ಅಯ್ಯೋ ಅಷ್ಟೇನಾ?” ಎಂದು ಕೆಂಪು ಪೆನ್ನನ್ನು ಗಾಳಿಯಲ್ಲಿ ಎತ್ತಿದರು. ಎತ್ತಿದ ಪೆನ್ನು ಎತ್ತಿದಲ್ಲೇ ನಿಂತಿತು. “ಮೇಷ್ಟ್ರೇ, ಋಣ ಋಣ ಗುಣಿಸಿದ್ರೆ ಧನ ಬರುತ್ತಲ್ಲ, ಅದು ಯಾಕೆ?” ಎಂದರು.

“ನಾನು ಕೇಳಿದ್ದು ಅದಲ್ಲ ಮೇಡಂ.”

“ಗೊತ್ತು. ಆದ್ರೆ ನೀವು ಕೇಳಿದ್ಮೇಲೆ ನಂಗೆ ಅದು ಬಂದ್ಬಿಡ್ತು ನೋಡಿ. ಈಗ ಇದನ್ನೂ ಯಾರಾದ್ರೂ ಕೇಳಿದ್ರೆ?” ಆಕೆ ಪತ್ರಿಕೆಗಳನ್ನು ಬಾಚಿಕೊಂಡು, ಅಂಟುರೋಗದವರ ಪಕ್ಕದಿಂದ ಎದ್ದು ಹೋಗುವಂತೆ ಎದ್ದು ಹೋದರು.

ಕಿಟಕಿ ಪಕ್ಕ ಕೂತಿದ್ದ ಭಾಷಾ ಪಂಡಿತರಿಗೆ ಮಾತ್ರ ಉತ್ತರಕ್ಕೆ ಬರಗಾಲವಿರಲಿಲ್ಲ. ಕೇಳದಿದ್ದರೂ ಹೇಳಿದರು. “ಮೇಷ್ಟ್ರೇ, ಇದರಲ್ಲಿ ಏನಿದೆ ಕಷ್ಟ? ಒಂದನ್ನ ಇನ್ನೊಂದು ಭಾಗ ಮಾಡೋಕೆ ಬರುತ್ತೆ. ಭಾಗ ಮಾಡೋಕೆ ಬಂದವನಿಗೆ ತಕ್ಕ ಶಾಸ್ತಿ ಆಗ್ಬೇಕೋ ಬೇಡ್ವೋ? ಅದಕ್ಕೇ ಅವನನ್ನ ತಲೆಕೆಳಗಾಗಿ ನೇತುಹಾಕೋದು.”

“ಮಕ್ಕಳಿಗೆ ಹೀಗೆ ಹೇಳ್ಬಹುದಾ?”

“ಧಾರಾಳವಾಗಿ. ನೀತಿಪಾಠವೂ ಆಯ್ತು.”

ಸೀಟಿ ಒರೆಸುತ್ತಿದ್ದ ಡ್ರಿಲ್ ಮೇಷ್ಟ್ರು ನಕ್ಕುಬಿಟ್ಟರು. “ನೋಡ್ರೀ, ನಿಮ್ಮದು ಸದರ ಜಾಸ್ತಿಯಾಯ್ತು. ನಾನು ‘ಹಿಂದೆ ತಿರುಗ್’ ಅಂತೀನಿ. ಇವತ್ತಿನ ತನಕ ಒಬ್ಬನೂ ಯಾಕೆ ಅಂತ ಕೇಳಿಲ್ಲ. ಕೇಳಿದ್ರೆ ಮೈದಾನ ಎರಡು ಸುತ್ತು. ಸುತ್ತು ಮುಗಿಯೋ ಹೊತ್ತಿಗೆ ಪ್ರಶ್ನೆ ಮರೆತಿರುತ್ತೆ.”

ಮೇಷ್ಟ್ರು ಊಟದ ಬಿಡುವಿಗೆ ಮನೆಗೆ ಹೊರಟರು. ಮನೆ ಶಾಲೆಯ ಹಿಂದಿನ ಗಲ್ಲಿಯಲ್ಲೇ. ಹೆಂಡತಿ ತಟ್ಟೆ ಇಟ್ಟರೆ ತಟ್ಟೆಯನ್ನೇ ನೋಡುತ್ತ ಕೂತರು.

“ಯಾಕ್ರೀ, ಊಟ ಮಾಡಲ್ವಾ?”

“ಯಾಕೆ ಅಂತ ಕೇಳ್ಬೇಡ ಮಾರಾಯ್ತಿ. ಬೆಳಿಗ್ಗೆಯಿಂದ ಅದೇ ಆಗಿದೆ.” ನಡೆದದ್ದನ್ನು ಹೇಳಿದರು.

ಹೆಂಡತಿ ಸೌಟು ಹಿಡಿದೇ ಯೋಚಿಸಿದರು. “ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು. ನೀವು ಒಂದು ವಿಷಯ ಯಾಕೆ ಹೀಗೆ ಅಂತ ಯೋಚನೆ ಮಾಡಿದ್ದು ನಾನು ಇದೇ ಮೊದಲು ನೋಡ್ತಿರೋದು. ಮೈ ಬಿಸಿ ಇದೆಯಾ ನೋಡಿ. ಇಲ್ಲಾಂದ್ರೆ ಪಕ್ಕದ ಮನೆ ಎಂಜಿನಿಯರ್ ಇದ್ದಾರಲ್ಲ, ಅವರನ್ನಾದ್ರೂ ಕೇಳಿ. ಅಷ್ಟು ದೊಡ್ಡ ಸೇತುವೆ ಕಟ್ಟಿದೋರಿಗೆ ಇಷ್ಟು ಗೊತ್ತಿರಲ್ವಾ?”

ಪಕ್ಕದ ಮನೆಯ ನಿವೃತ್ತ ಎಂಜಿನಿಯರರು ಊರಾಚೆಯ ಹೊಳೆಗೆ ಸೇತುವೆ ಕಟ್ಟಿಸಿದವರು. ದಿನಾ ಸಂಜೆ ಅದರ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಅದು ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ಮೇಷ್ಟ್ರು ಹೋದಾಗ ಅವರೂ ಊಟಕ್ಕೆ ಕೂತಿದ್ದರು.

“ಬನ್ನಿ ಬನ್ನಿ, ಇದು ಎರಡು ನಿಮಿಷದ ಕೆಲಸ,” ಎಂದು ಎಡಗೈಯಲ್ಲಿ ಕಾಗದ ಎಳೆದುಕೊಂಡರು. “ಇದು ಒಂದು ಭಿನ್ನರಾಶಿ. ಇದು ಇನ್ನೊಂದು. ಈಗ ಈ ಎರಡನೇದನ್ನ ತಿರುಗಿಸಿಬಿಟ್ರೆ—”

“ಅದೇ ಯಾಕೆ?”

“ಯಾಕೆ ಅಂದ್ರೆ...” ಎಂಜಿನಿಯರರು ಕಾಗದವನ್ನು ತಿರುಗಿಸಿ ನೋಡಿದರು. ಆಮೇಲೆ ಮೇಷ್ಟ್ರನ್ನು ನೋಡಿದರು. ಆಮೇಲೆ ಕಿಟಕಿಯಾಚೆ, ಹೊಳೆಯಿರುವ ದಿಕ್ಕಿಗೆ ನೋಡಿದರು. ಅವರ ಮುಖದ ಬಣ್ಣ ಸುಣ್ಣದ ಗೋಡೆಯಂತಾಯಿತು. “ಹದಿನೆಂಟು ಕಂಬ ಕಣ್ರೀ ಅದಕ್ಕೆ. ಒಂದೊಂದು ಕಂಬಕ್ಕೂ ಎಷ್ಟೆಷ್ಟು ಸಲ ತಿರುಗಿಸಿದ್ದೀನೋ. ಯಾಕೆ ಅಂತ ಗೊತ್ತಿಲ್ಲದೇನೇ ತಿರುಗಿಸಿಬಿಟ್ಟಿದ್ದೀನಲ್ಲ.”

“ಸೇತುವೆ ಮೂವತ್ತು ವರ್ಷದಿಂದ ನಿಂತಿದೆಯಲ್ರೀ,” ಎಂದರು ಅವರ ಹೆಂಡತಿ ಒಳಗಿನಿಂದ.

“ಯಾಕೆ ನಿಂತಿದೆ ಅನ್ನೋದೂ ಗೊತ್ತಿಲ್ವಲ್ಲೇ.”

ಎಂಜಿನಿಯರರು ಕೈ ತೊಳೆದು, ಚಪ್ಪಲಿ ಹಾಕಿಕೊಂಡು, ಬಿರುಬಿಸಿಲಿನಲ್ಲಿ ಸೇತುವೆ ನೋಡಲು ಹೊರಟೇಬಿಟ್ಟರು. ಅವರ ಹೆಂಡತಿ ಬಾಗಿಲಿಗೆ ಬಂದು, “ಬಡಿಸಿದ ಊಟ ಬಿಡಿಸಿ ಕಳಿಸಿದ್ರಲ್ಲ ಮೇಷ್ಟ್ರೇ, ನಿಮಗೇನು ಸಿಕ್ತು?” ಎಂದು ಗಲ್ಲಿಗೆಲ್ಲ ಕೇಳುವಂತೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಗಲ್ಲಿಗಳಲ್ಲೂ ಇರುತ್ತಾರೆ. ಎರಡನೇ ಮನೆಗೆ ಸುದ್ದಿ ಹೋಗುವಾಗ ಸೇತುವೆಯ ಲೆಕ್ಕ ತಪ್ಪಿತ್ತು. ನಾಲ್ಕನೇ ಮನೆಯಲ್ಲಿ ಕಂಬ ಬಿರುಕು ಬಿಟ್ಟಿತ್ತು. ಗಲ್ಲಿಯ ಕೊನೆಗೆ ಮುಟ್ಟುವಾಗ, ಮೂವತ್ತು ವರ್ಷದ ಗುಟ್ಟನ್ನು ಬಯಲಿಗೆಳೆದ ಮೇಷ್ಟ್ರನ್ನು ಯಾರೋ ಹುಡುಕಿಕೊಂಡು ಬರುತ್ತಿದ್ದರು.

ಮೇಷ್ಟ್ರು ತಲೆ ತಗ್ಗಿಸಿ ಗೋಡೆ ಬದಿಯಲ್ಲೇ ನಡೆದು, ಗಲ್ಲಿಯ ಮೂಲೆಯ ಹೊಲಿಗೆ ಅಂಗಡಿಗೆ ನುಗ್ಗಿದರು. ನುಗ್ಗಿದ್ದು ಅಡಗಿಕೊಳ್ಳುವುದಕ್ಕೇ ಹೊರತು ಕೇಳುವುದಕ್ಕಲ್ಲ. ದರ್ಜಿಯಮ್ಮ ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಅವರನ್ನು ಏನು ಕೇಳುವುದು?

“ಏನ್ ಮೇಷ್ಟ್ರೇ, ದೆವ್ವ ನೋಡ್ದಂಗೆ ಬಂದ್ರಿ? ಕೂತ್ಕೊಳ್ಳಿ. ಆ ಸ್ಟೂಲ್ ಮೇಲಿನ ಸೂಜಿ ಡಬ್ಬಿ ಸ್ವಲ್ಪ ತೆಗೆದಿಡಿ, ಆಮೇಲೆ ಕೂತ್ಕೊಳ್ಳಿ.”

ಬೇಡವೆಂದುಕೊಂಡೇ ಮೇಷ್ಟ್ರು ಎಲ್ಲ ಹೇಳಿದರು. ದರ್ಜಿಯಮ್ಮ ಮಿಷನ್ ನಿಲ್ಲಿಸಲಿಲ್ಲ.

“ನಿಮ್ಮ ತಿರುಗಿಸೋದು ಗಿರುಗಿಸೋದು ನಂಗೊತ್ತಿಲ್ಲಪ್ಪ. ಭಾಗಿಸೋದು ಅಂದ್ರೆ ಏನು, ಇಂಥ ತುಂಡು ಎಷ್ಟು ಬರುತ್ತೆ ಅಂತ ತಾನೇ?”

“ಹಾಂ... ಹೌದಿರಬೇಕು.”

“ಮೂರು ಮೀಟರ್ ಬಟ್ಟೆ ಇದೆ ಅಂದ್ಕೊಳ್ಳಿ. ಒಂದೊಂದು ಅಂಗಿಗೆ ಮುಕ್ಕಾಲು ಮೀಟರ್. ಎಷ್ಟು ಅಂಗಿ?”

ಮೇಷ್ಟ್ರ ಬಾಯಿ ತಾನಾಗಿ ಹೇಳಿತು: “ಮೂರು ಭಾಗಿಸು ನಾಲ್ಕನೇ ಮೂರು. ತಿರುಗಿಸಿ ಗುಣಿಸಿದ್ರೆ ನಾಲ್ಕು.”

“ನಾಲ್ಕೇ. ನಾನು ಹೇಗೆ ಮಾಡ್ತೀನಿ ಗೊತ್ತಾ? ಮೊದಲು ಎಲ್ಲ ಕಾಲು ಕಾಲು ಮೀಟರಿಗೆ ಗುರುತು ಹಾಕ್ಕೋತೀನಿ. ಒಂದು ಮೀಟರಿಗೆ ನಾಲ್ಕು ಕಾಲು, ಮೂರು ಮೀಟರಿಗೆ?”

“ಮೂರು ನಾಲ್ಕಲೆ ಹನ್ನೆರಡು.”

“ಒಂದು ಅಂಗಿಗೆ ಮೂರು ಕಾಲು ಬೇಕು. ಹನ್ನೆರಡನ್ನ ಮೂರು ಮೂರು ಸೇರಿಸಿ ಕಟ್ಟಿದ್ರೆ?”

“ನಾಲ್ಕು ಕಟ್ಟು,” ಎಂದರು ಮೇಷ್ಟ್ರು.

ನಾಲ್ಕರಿಂದ ಗುಣಿಸಿದ್ದಾಯಿತು, ಮೂರರಿಂದ ಭಾಗಿಸಿದ್ದಾಯಿತು. ಕೆಳಗಿದ್ದ ನಾಲ್ಕು ಗುಣಿಸಲು ಮೇಲೆ ಹೋಗಿತ್ತು. ಮೇಲಿದ್ದ ಮೂರು ಭಾಗಿಸಲು ಕೆಳಗೆ ಬಂದಿತ್ತು. ಯಾರೂ ತಿರುಗಿಸಿರಲಿಲ್ಲ. ಅದು ತಾನೇ ತಿರುಗಿತ್ತು. ಇಪ್ಪತ್ತನಾಲ್ಕು ವರ್ಷ ಒಂದು ಮನೆಯ ಜಗಲಿಯಲ್ಲೇ ಕೂತಿದ್ದವನಿಗೆ ಒಳಗಿನಿಂದ ಯಾರೋ ಬಾಗಿಲು ತೆಗೆದು, ಬನ್ನಿ, ಇದು ನಿಮ್ಮದೇ ಮನೆ ಅಂದಂತಾಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ಯಾಕ್ ಮೇಷ್ಟ್ರೇ, ಸೂಜಿ ಚುಚ್ತಾ?”

“ಇಲ್ಲಮ್ಮ. ಅರ್ಥ ಆಯ್ತು.”

ಅಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಮಕ್ಕಳಿಗೆ ತೋರಿಸಲು ಬಟ್ಟೆ ಬೇಕು. ದರ್ಜಿಯಮ್ಮ “ಆ ಮೂಲೇಲಿ ಬೇಡದ ತುಂಡುಗಳಿವೆ, ತಗೊಳ್ಳಿ” ಎಂದು ಮತ್ತೆ ಮಿಷನ್ನಿನತ್ತ ತಿರುಗಿದರು. ಸಂತೋಷದಲ್ಲಿ ಮೇಷ್ಟ್ರಿಗೆ ಯಾವ ಮೂಲೆಯೆಂಬುದು ತಲೆಗೆ ಹತ್ತಲಿಲ್ಲ. ಕಪಾಟಿನಲ್ಲಿ ಮಡಿಸಿಟ್ಟಿದ್ದ ನೀಲಿ ಬಟ್ಟೆ ಅಳೆದರೆ ಸರಿಯಾಗಿ ಮೂರು ಮೀಟರ್ ಬಂತು. ದೊಡ್ಡ ಕತ್ತರಿಯನ್ನೂ ಎತ್ತಿಕೊಂಡು ಓಡಿದರು. “ಮೇಷ್ಟ್ರೇ, ಅದಲ್ಲ, ಅದು ಪ್ಯಾಂಟಿಂದು” ಎಂದು ದರ್ಜಿಯಮ್ಮ ಕೂಗಿದ್ದು ಹಿಂದೆಯೇ ಉಳಿಯಿತು.

ಬೆಳಿಗ್ಗೆ ಭಾಗಾಕಾರ ಮರೆತು, ಮಧ್ಯಾಹ್ನ ಸೇತುವೆಗೆ ಬಿರುಕು ಬಿಡಿಸಿದ ಮನುಷ್ಯ ಈಗ ಹೆಗಲ ಮೇಲೆ ಬಟ್ಟೆ, ಕೈಯಲ್ಲಿ ಕತ್ತರಿ ಹಿಡಿದು ಗಲ್ಲಿಯಲ್ಲಿ ಓಡುತ್ತಿರುವುದನ್ನು ನೋಡಿ ಅಕ್ಕಪಕ್ಕದವರು ಪಟಪಟ ಬಾಗಿಲು ಹಾಕಿಕೊಂಡರು. ಮೇಷ್ಟ್ರು ನಗುತ್ತಿದ್ದರು. ಅದು ಜನರನ್ನು ಇನ್ನಷ್ಟು ಹೆದರಿಸಿತು.

ಮಧ್ಯದ ಪಿರಿಯಡ್ಡುಗಳಲ್ಲಿ ಮೇಷ್ಟ್ರು ಯಾವ ತರಗತಿಗೆ ಏನು ಪಾಠ ಮಾಡಿದರೋ ಅವರಿಗೇ ನೆನಪಿಲ್ಲ. ಕೊನೇ ಪಿರಿಯಡ್ಡಿಗೆ ಏಳನೇ ತರಗತಿಯೊಳಗೆ ಹೋದರೆ ಹಿಂದಿನ ಬೆಂಚಿನಲ್ಲಿ ಹೆಡ್‌ಮೇಡಂ ಕೂತಿದ್ದರು, ಮಡಿಲಲ್ಲಿ ಒಂದು ಫೈಲು. ಅವರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ಎಂಜಿನಿಯರರು.

“ಸೇತುವೆಯಿಂದ ಸೀದಾ ಬಂದೆ,” ಎಂದರು. “ಉತ್ತರ ಸಿಕ್ತು ಅಂತ ದಾರೀಲಿ ದರ್ಜಿಯಮ್ಮ ಹೇಳಿದ್ರು. ಕೇಳದೆ ಇವತ್ತು ನಿದ್ದೆ ಬರಲ್ಲ ನಂಗೆ. ಮೇಡಂ ದೊಡ್ಡ ಮನಸ್ಸು ಮಾಡಿ ಕೂತ್ಕೊಳ್ಳಿ ಅಂದ್ರು.”

ಮೇಷ್ಟ್ರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಬಟ್ಟೆ ಬಿಡಿಸಿದರು. ಆ ತುದಿ ಹಿಡಿಯಲು ಒಬ್ಬಳು, ಈ ತುದಿ ಹಿಡಿಯಲು ಒಬ್ಬ. ಕಾಲು ಮೀಟರಿಗೊಂದು ಗೆರೆ ಎಳೆದು ಕತ್ತರಿ ಆಡಿಸಿದರು. ಒಂದು, ಎರಡು, ಮೂರು... ಮಕ್ಕಳು ಎಣಿಸುತ್ತಾ ಹೋದರು. ಹನ್ನೆರಡು. ಮೂರು ಮೂರಾಗಿ ಕಟ್ಟಿದರು. ನಾಲ್ಕು ಕಟ್ಟು. ಆಮೇಲೆ ಬೋರ್ಡಿಗೆ ಹೋಗಿ ಗುಣಿಸಿದ ನಾಲ್ಕು ಎಲ್ಲಿಂದ ಬಂತು, ಭಾಗಿಸಿದ ಮೂರು ಎಲ್ಲಿಂದ ಬಂತು ಎಂದು ನಿಧಾನವಾಗಿ, ಒಂದು ಮಾತೂ ಪುಸ್ತಕದಿಂದ ತೆಗೆಯದೆ, ಹೇಳಿದರು. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿತು.

ಹಿಂದಿನ ಬೆಂಚಿನಿಂದ ಎಂಜಿನಿಯರರು ಎದ್ದು ನಿಂತರು. “ಹಾಗಾದ್ರೆ ನಾನು ತಿರುಗಿಸಿದ್ದೆಲ್ಲ ಸರಿ. ಹದಿನೆಂಟೂ ಸರಿ.” ಕಣ್ಣು ಮುಚ್ಚಿ ಉಸಿರು ಬಿಟ್ಟರು. ಕಣ್ಣು ತೆರೆದು ಮೇಜಿನ ಮೇಲಿದ್ದ ನಾಲ್ಕು ಕಟ್ಟುಗಳನ್ನು ಬಾಗಿ ನೋಡಿದರು. “ಮೇಷ್ಟ್ರೇ, ಅದು ನಾನು ಹೊಲಿಯೋಕೆ ಕೊಟ್ಟ ಪ್ಯಾಂಟಿನ ಬಟ್ಟೆ ಅಲ್ವಾ?”

ಮೇಷ್ಟ್ರಿಗೆ ಅದು ಕಿವಿಗೆ ಬೀಳಲಿಲ್ಲ. ಅವರು ಎರಡನೇ ಬೆಂಚಿನ ಹತ್ತಿರ ಹೋಗಿದ್ದರು.

“ಅರ್ಥ ಆಯ್ತೇನಮ್ಮ?”

ಹುಡುಗಿ ಗಾಬರಿಯಿಂದ ಎದ್ದಳು. “ಯಾವುದು ಸರ್?”

“ಬೆಳಿಗ್ಗೆ ನೀನು ಕೇಳಿದೆಯಲ್ಲ, ಎರಡನೇದನ್ನ ಯಾಕೆ ತಿರುಗಿಸಬೇಕು ಅಂತ.”

“ಓ, ಅದಾ. ಅದು ಮುಗೀತಲ್ಲ ಸರ್. ಕೇಳಿದ್ದಕ್ಕೆ ನಂಗೆ ಐದು ಅಂಕ ಬಂತು.”

“ಅಂದ್ರೆ?”

ಹುಡುಗಿ ನೋಟ್‌ಬುಕ್ಕಿನಿಂದ ಮಡಿಸಿದ ಹಾಳೆ ತೆಗೆದಳು. ಮೇಲೆ ಶಾಲೆಯ ಮೊಹರು. ‘ಅರ್ಥಮಾಡಿಕೊಂಡು ಕಲಿಯುವ ಮಕ್ಕಳು ಕೇಳತಕ್ಕ ಪ್ರಶ್ನೆಗಳು.’ ಒಟ್ಟು ನಲವತ್ತು, ಒಬ್ಬೊಬ್ಬರಿಗೆ ಒಂದೊಂದು, ಹಾಜರಿ ನಂಬರಿನ ಪ್ರಕಾರ. ಹುಡುಗಿಯ ನಂಬರು ಒಂದು. ಒಂದರ ‘ಅ’, ‘ಆ’, ‘ಇ’ ಮೂರಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದಳು.

“ಶನಿವಾರ ಭಾನುವಾರ ಎರಡು ದಿನ ಕೂತು ಬಾಯಿಪಾಠ ಮಾಡಿದೆ ಸರ್. ಮಧ್ಯೆ ನೀವು ಮಾತಾಡಿದ್ರೂ ಒಂದಕ್ಷರ ತಪ್ಪಲಿಲ್ಲ. ಉತ್ತರ ನಮಗೆ ಬರಲ್ಲ ಸರ್, ನಮ್ಮದು ಪ್ರಶ್ನೆ ಮಾತ್ರ.”

ಮೇಷ್ಟ್ರು ಹಾಳೆ ಹಿಡಿದು ನಿಂತರು. ಎರಡನೇ ನಂಬರಿನ ಹುಡುಗ ಆಗಲೇ ಎದ್ದು ಗಂಟಲು ಸರಿಮಾಡಿಕೊಳ್ಳುತ್ತಿದ್ದ; ಅವನ ಸರದಿ ನಾಳೆಯೆಂದು ಪಕ್ಕದವರು ಜಗ್ಗಿ ಕೂರಿಸಿದರು. ಇನ್ನು ಹೆಡ್‌ಮೇಡಂ ಏನು ಹೇಳುತ್ತಾರೋ ಎಂದು ಮೇಷ್ಟ್ರು ಹಿಂದಕ್ಕೆ ನೋಡಿದರೆ, ಆಕೆ ಫೈಲು ಹಿಡಿದುಕೊಂಡು ಅವರ ಹತ್ತಿರವೇ ಬಂದು, ಮಕ್ಕಳಿಗೆ ಕೇಳದಂತೆ ದನಿ ತಗ್ಗಿಸಿದರು.

“ಮೇಷ್ಟ್ರೇ, ಇನ್ನೊಂದ್ಸಲ ನಿಧಾನವಾಗಿ ಹೇಳಿ. ಬರ್ಕೋತೀನಿ. ಮೇಲಿನವರು ಕಳಿಸಿದ ಫೈಲಲ್ಲಿ ನಲವತ್ತು ಪ್ರಶ್ನೆ ಇದೆ, ಉತ್ತರದ ಜಾಗದಲ್ಲಿ ‘ಶಿಕ್ಷಕರು ವಿವರಿಸುವರು’ ಅಂತ ಮಾತ್ರ ಇದೆ. ನಂಗೂ ಬಂದಾಗಿನಿಂದ ಇದೇ ಚಿಂತೆ.”

ಮೇಷ್ಟ್ರು ಮತ್ತೆ ಹೇಳಿದರು. ಹೆಡ್‌ಮೇಡಂ ಬರೆದರು. “ಬಟ್ಟೆ ಯಾವ ಬಣ್ಣ?”

“ನೀಲಿ. ಆದ್ರೆ ಬಣ್ಣ ಮುಖ್ಯ ಅಲ್ಲ ಮೇಡಂ. ಬಟ್ಟೇನೂ ಮುಖ್ಯ ಅಲ್ಲ. ಹಗ್ಗ ಆದ್ರೂ ಆಗುತ್ತೆ.”

ಹೆಡ್‌ಮೇಡಂ ‘ಮೂರು ಮೀಟರ್ ನೀಲಿ ಬಟ್ಟೆ. ಬಣ್ಣ ಮುಖ್ಯವಲ್ಲ’ ಎಂದು ಬರೆದರು. ಅವರು ಬರೆಯುವುದನ್ನು ನೋಡಿ ನಲವತ್ತು ಮಕ್ಕಳೂ ಬರೆದುಕೊಂಡರು. ಮುಂದಿನ ಬೆಂಚಿನ ಒಬ್ಬ, “ಸರ್, ಪರೀಕ್ಷೇಲಿ ‘ಬಣ್ಣ ಮುಖ್ಯವಲ್ಲ’ ಅನ್ನೋದಕ್ಕೆ ಎಷ್ಟು ಅಂಕ?” ಎಂದು ಕೇಳಿದ.

ಹೆಡ್‌ಮೇಡಂ ಫೈಲು ಮುಚ್ಚಿ, ಈಗ ಎಲ್ಲರಿಗೂ ಕೇಳುವಂತೆ ಮಾತಾಡಿದರು. “ಮಕ್ಕಳೇ, ನಿಮ್ಮ ಮೇಷ್ಟ್ರಷ್ಟು ಅರ್ಥ ಮಾಡಿಕೊಂಡು ಪಾಠ ಮಾಡೋರನ್ನ ನಾನು ನೋಡಿಲ್ಲ. ಇದೇ ಪಾಠ ಎಲ್ಲ ಸೆಕ್ಷನ್ನಿಗೂ ಆಗ್ಬೇಕು, ಇದೇ ಮಾತಲ್ಲಿ, ಒಂದು ಪದ ಆಚೆ ಈಚೆ ಆಗಬಾರದು. ಪ್ರತಿ ಸೆಕ್ಷನ್ನಿಗೂ ಹನ್ನೆರಡು ತುಂಡು. ಉಳಿದ ಮೂವತ್ತೊಂಬತ್ತು ಪ್ರಶ್ನೆಗೂ ಹೀಗೇ ಏನಾದ್ರೂ ಕತ್ತರಿಸಬೇಕು, ಕಟ್ಟಬೇಕು. ಅದನ್ನೆಲ್ಲ ಅರ್ಥ ಆಗದೇ ಇರೋರ ಕೈಗೆ ಕೊಡೋಕಾಗುತ್ತಾ? ಆದ್ದರಿಂದ ಮೇಷ್ಟ್ರೇ, ನಾಳೆಯಿಂದ ನಿಮ್ಮನ್ನ ತರಗತಿಯಿಂದ ಬಿಡುಗಡೆ ಮಾಡ್ತಿದ್ದೀನಿ.” ಚೀಲದಿಂದ ಬೀಗದ ಕೈ ತೆಗೆದು, ಬಹುಮಾನ ಕೊಡುವವರಂತೆ ಎರಡೂ ಕೈಯಲ್ಲಿ ಕೊಟ್ಟರು. “ಸ್ಟೋರ್ ರೂಮು ದೊಡ್ಡದಿದೆ. ಕೆಲಸಕ್ಕೆ ಅನುಕೂಲ.”

“ಮೇಡಂ, ಈ ತರಗತಿಗೆ ಪಾಠ?”

“ಅದಕ್ಕೆ ಡ್ರಿಲ್ ಮೇಷ್ಟ್ರಿದ್ದಾರೆ. ಉತ್ತರ ತಯಾರಾಗಿದೆಯಲ್ಲ, ಇನ್ನು ಒಟ್ಟಿಗೆ ಹೇಳಿಸಿದ್ರೆ ಆಯ್ತು. ಅವರಿಗೆ ಅದು ಅಭ್ಯಾಸ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಜಿನಿಯರರು ಕೂಡ ತಟ್ಟಿದರು. ಆಮೇಲೆ ಬಂದು, ನಾಲ್ಕೂ ಕಟ್ಟು ತಮಗೇ ಸೇರಬೇಕೆಂದು ಮೆಲ್ಲಗೆ ಹೇಳಿದರು.

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಸ್ಟೋರ್ ರೂಮಿನ ಬೀಗ ತೆಗೆದು, ಒಂದು ಬೆಂಚಿನ ನಾಲ್ಕನೇ ಕಾಲಿನ ಜಾಗಕ್ಕೆ ಇಟ್ಟಿಗೆ ಕೊಟ್ಟು ಕೂತರು. ಕಿಟಕಿಯಾಚೆ ಮೈದಾನದಲ್ಲಿ ಡ್ರಿಲ್ ಮೇಷ್ಟ್ರು ಆಗಲೇ ಅಭ್ಯಾಸ ಶುರುಮಾಡಿದ್ದರು. “ಮೂರು ಮೀಟರ್ ನೀಲಿ ಬಟ್ಟೆ,” ಎಂದು ಸೀಟಿ ಊದಿದರೆ ನಲವತ್ತು ದನಿಗಳು ಒಂದಾಗಿ, “ಬಣ್ಣ ಮುಖ್ಯವಲ್ಲ,” ಅನ್ನುತ್ತಿದ್ದವು. ತಪ್ಪಿದವರು ಮೈದಾನ ಸುತ್ತುತ್ತಿದ್ದರು.

ನಲವತ್ತಲ್ಲ, ಮೂವತ್ತೊಂಬತ್ತು ಇರಬೇಕು. ಯಾಕೆಂದರೆ ಕನ್ನಡಕದ ಹುಡುಗಿ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಯಾವುದೋ ಹಳೇ ರಿಬ್ಬನ್ನಿನ ಹತ್ತು ತುಂಡುಗಳು.

“ಸರ್, ಒಂದು ವೇಳೆ ಎರಡೂವರೆ ಮೀಟರೇ ಇದ್ರೆ? ಆಗ ಹತ್ತು ಕಾಲು ಆಗುತ್ತೆ. ಮೂರು ಮೂರು ಕಟ್ಟಿದ್ರೆ ಮೂರು ಕಟ್ಟು, ಒಂದು ತುಂಡು ಮಿಕ್ಕುತ್ತೆ. ಅದು ಕಾಲು ಮೀಟರ್ ತಾನೇ? ನಾನೇ ಕತ್ತರಿಸಿದ್ದು. ಆದ್ರೆ ನಿಮ್ಮ ಥರ ತಿರುಗಿಸಿ ಗುಣಿಸಿದ್ರೆ ಮೂರೂ ಮೂರನೇ ಒಂದು ಬರ್ತಿದೆ. ಮಿಕ್ಕಿದ್ದು ಕಾಲಾ, ಮೂರನೇ ಒಂದಾ?”

ಮೇಷ್ಟ್ರು ತುಂಡು ಇಸಿದುಕೊಂಡು ಅಳೆದರು. ಕಾಲು ಮೀಟರೇ. ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಲೆಕ್ಕ ಮಾಡಿದರು. ಮೂರನೇ ಒಂದೇ. ಮತ್ತೆ ಅಳೆದರು.

“ಇದೂ ಆ ಹಾಳೇಲಿದೆಯೇನಮ್ಮ?” ಎಂದು ಕೇಳಿದರು.

ಅಷ್ಟರಲ್ಲಿ ಹೊರಗೆ ಸೀಟಿ ಕೂಗಿತು. ಹುಡುಗಿ ರಿಬ್ಬನ್ನಿನ ತುಂಡುಗಳನ್ನು ಬೆಂಚಿನ ಮೇಲಿಟ್ಟು ಓಡಿದಳು. ಇಟ್ಟಿಗೆ ಜಾರಿ ಬೆಂಚು ವಾಲಿತು. ಮೇಷ್ಟ್ರು ಎದ್ದು ಸರಿಮಾಡಿಕೊಂಡು ಇನ್ನೊಂದು ಸಲ ಅಳೆಯತೊಡಗಿದರು.

ಆ ಪ್ರಶ್ನೆ ಹಾಳೆಯಲ್ಲಿತ್ತೋ, ಹುಡುಗಿಯದೇ ಆಗಿತ್ತೋ, ನನಗೆ ಗೊತ್ತಾಗಲಿಲ್ಲ. ಹಾಳೆ ನೋಡಲು ಯಾರೂ ಕೊಡಲಿಲ್ಲ. ಮಿಕ್ಕಿದ ತುಂಡು ಕಾಲೋ ಮೂರನೇ ಒಂದೋ ಎಂಬುದನ್ನು ನಾನೂ ಒಂದು ಹಗ್ಗ ಕತ್ತರಿಸಿ ನೋಡಿದೆ. ಮೀಟರಿನಲ್ಲಿ ಅಳೆದರೆ ಕಾಲು, ಕಟ್ಟಿನ ಲೆಕ್ಕಕ್ಕೆ ಮೂರನೇ ಒಂದು; ಯಾವುದು ಸರಿಯೋ, ಅದೂ ಗೊತ್ತಾಗಲಿಲ್ಲ.